ಛಾಯಾಗ್ರಾಹಕನ ಹೊರೆ

ಪ್ರವಾಸಕ್ಕೆಂದು ಗಂಟುಮೂಟೆ ಕಟ್ಟುವ ಮನೆಗಳಲ್ಲಿ ಈಚೆಗೆ ಕೆಲವು ವರ್ಷಗಳಿಂದ ಒಂದು ವಾದ ತಪ್ಪದೆ ನಡೆಯುತ್ತದೆ. ಜೇಬಿನಲ್ಲಿರುವ ಮೊಬೈಲೇ ಚಿತ್ರ ತೆಗೆಯಬಲ್ಲದಾಗಿರಲು, ಕೊರಳಿಗೆ ತೂಗುಹಾಕಿಕೊಂಡು ಬೆಟ್ಟ ಹತ್ತಬೇಕಾದ ಬೇರೊಂದು ಕ್ಯಾಮರಾ, ಅದರ ಮಸೂರಗಳ ಚೀಲ, ಇವೆಲ್ಲ ಏತಕ್ಕೆಂದು ಒಬ್ಬರು ಕೇಳುತ್ತಾರೆ. ಜೇಬಿನ ಯಂತ್ರ ಕೊಡುವುದು ಚಿತ್ರವೇ ಅಲ್ಲ, ಚಿತ್ರಾಭಾಸ ಮಾತ್ರವೆಂದು ಇನ್ನೊಬ್ಬರು ಮುನಿಯುತ್ತಾರೆ. ವಾದಿ ಪ್ರತಿವಾದಿಗಳಿಬ್ಬರೂ ಇದನ್ನು ನಮ್ಮ ಕಾಲಕ್ಕೇ ಮೀಸಲಾದ ತೊಡಕೆಂದು ಬಗೆದಂತೆ ತೋರುತ್ತದೆ. ಆದರೆ ಛಾಯಾಚಿತ್ರವಿದ್ಯೆ ಕನ್ನಡನಾಡಿನ ದೇಗುಲಗಳ ಅಂಗಳಕ್ಕೆ ಮೊದಲು ಕಾಲಿಟ್ಟ ಕಾಲದಿಂದಲೂ, ಎಷ್ಟು ಹೊರೆ ಹೊರಬೇಕು, ಅದನ್ನು ಯಾರ ಹೆಗಲು ಹೊರಬೇಕು, ಹೊರೆಯನ್ನು ಇಳಿಸಿಬಿಟ್ಟವನು ಕುಶಲಿಯೆನಿಸಿಕೊಳ್ಳಲು ಅರ್ಹನೇ ಎಂಬ ಪ್ರಶ್ನೆಗಳು ಒಂದಲ್ಲ ಒಂದು ವೇಷದಲ್ಲಿ ಇದ್ದೇ ಇದ್ದವು. ಪ್ರವಾಸಿಯ ಛಾಯಾಚಿತ್ರದ ಇತಿಹಾಸವನ್ನು ಮಸೂರಗಳ ಇತಿಹಾಸವೆಂದು ಬರೆಯುವುದು ವಾಡಿಕೆ. ಅದನ್ನು ಹೊರೆಯ ಇತಿಹಾಸವೆಂದು ಓದಿದರೆ ಹೆಚ್ಚು ತಿಳಿಯುತ್ತದೆಂದು ನನ್ನ ಅಭಿಪ್ರಾಯ.

ದಗೇರ್ ಎಂಬ ಫ್ರೆಂಚನ ವಿಧಾನ 1839ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಅದರಲ್ಲಿ ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಮೂಡುತ್ತಿದ್ದುದು ಒಂದೇ ಒಂದು ಚಿತ್ರ. ಅದರ ಪ್ರತಿ ತೆಗೆಯುವ ಮಾರ್ಗವಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಹಕ್ಕುಪತ್ರ ಪಡೆದ ಕಾಗದದ ನೆಗೆಟಿವ್ ವಿಧಾನ ದೇಶಸಂಚಾರಿಗಳಿಗೆ ಹೆಚ್ಚು ಒಗ್ಗಿತು. ಹತ್ತು ವರ್ಷಗಳ ತರುವಾಯ ಗುಸ್ತಾವ್ ಲ ಗ್ರೇ ಎಂಬಾತನು ಕಾಗದಕ್ಕೆ ಮೊದಲೇ ಮೇಣವುಣಿಸುವ ಕ್ರಮವನ್ನು ಕಂಡುಹಿಡಿದನು. ಹೀಗೆ ಸಿದ್ಧಪಡಿಸಿದ ಹಾಳೆಗಳನ್ನು ಕೆಲವು ದಿನಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. ಬಿಡಾರದಲ್ಲಿ ಕುಳಿತು ತಯಾರಿಸಿ, ಮರುದಿನ ಗುಡಿಯ ಮುಂದೆ ಬೆಳಕಿಗೊಡ್ಡಿ, ಮತ್ತೆ ಬಿಡಾರಕ್ಕೆ ಮರಳಿ ತೊಳೆಯಬಹುದಾಗಿತ್ತು. ಧೂಳು, ಸೆಕೆ, ನೀರಿನ ಅಭಾವ, ಎತ್ತಿನ ಗಾಡಿಯ ಕುಲುಕು ಇವೆಲ್ಲವನ್ನೂ ಸಹಿಸಬೇಕಾಗಿದ್ದ ಕಂಪನಿ ಸರಕಾರದ ಸೈನ್ಯಾಧಿಕಾರಿಗಳಿಗೆ ಈ ಮೇಣದ ಕಾಗದ ವರವಾಗಿ ಪರಿಣಮಿಸಿದುದು ಸಹಜವೇ.

ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಅಧಿಕಾರಿ 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳಿಗೆ ಹೋಗಿ ಹೊಯ್ಸಳ ದೇಗುಲಗಳ ಚಿತ್ರಗಳನ್ನು ತೆಗೆದನು. ಅವು ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಪ್ರಶಂಸೆ ಪಡೆದವು. ಅದೇ ಮದರಾಸು ಸೈನ್ಯದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ಹಂಪೆಯ ಸುಮಾರು 60 ನೋಟಗಳನ್ನು ಮೇಣದ ಕಾಗದದ ಮೇಲೆ ಇಳಿಸಿದನು. ಅವನ ನೆಗೆಟಿವ್‌ಗಳ ಒಂದೊಂದು ಬದಿಯೂ ಒಂದೂಕಾಲು ಅಡಿಗೆ ಮಿಗಿಲು. ಇಷ್ಟು ದೊಡ್ಡ ಹಾಳೆ ಏಕೆ ಬೇಕಾಯಿತೆಂಬುದಕ್ಕೆ ಕಾರಣ ಸರಳ. ಸಣ್ಣ ನೆಗೆಟಿವ್‌ನಿಂದ ದೊಡ್ಡ ಚಿತ್ರ ಹಿಗ್ಗಿಸಿ ತೆಗೆಯುವ ಸೌಕರ್ಯ ಆಗ ಬಳಕೆಗೆ ಬಂದಿರಲಿಲ್ಲ; ನೆಗೆಟಿವ್ ಹಾಳೆಯನ್ನೇ ಮತ್ತೊಂದು ಹಾಳೆಯ ಮೇಲೊತ್ತಿ ಬಿಸಿಲಿಗಿಟ್ಟು ಪ್ರತಿ ಪಡೆಯಬೇಕಾಗಿತ್ತು. ಆದುದರಿಂದ ಗೋಡೆಗೆ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಹಾಳೆ, ಆ ಹಾಳೆಯನ್ನು ಒಳಗೊಳ್ಳುವಷ್ಟು ದೊಡ್ಡ ಮರದ ಪೆಟ್ಟಿಗೆ, ಆ ಪೆಟ್ಟಿಗೆಯನ್ನು ಹಲವು ನಿಮಿಷ ಕದಲದಂತೆ ಹಿಡಿಯುವಷ್ಟು ಗಟ್ಟಿಯಾದ ಮುಕ್ಕಾಲಿ. ಹಂಪೆಯ ಬಂಡೆಗಳ ನಡುವೆ ಇದನ್ನೆಲ್ಲ ಹೊತ್ತು ಹತ್ತಿಸಿ ಇಳಿಸಿದವರ ಹೆಸರು ಚಿತ್ರಗಳ ಅಂಚಿನಲ್ಲಿಲ್ಲ.

ಗ್ರೀನ್‌ಲಾನ ಹಂಪೆಯನ್ನು ನೋಡಿದವರಿಗೆ ಮೊದಲು ಮನಸ್ಸಿಗೆ ತಟ್ಟುವುದು ಅದರ ನಿರ್ಜನತೆ. ವಿಠ್ಠಲ ದೇವಾಲಯದ ಪ್ರಾಕಾರ, ಆನೆಯ ಲಾಯ, ರಥಬೀದಿಯ ಸಾಲುಮಂಟಪಗಳು ಎಲ್ಲವೂ ಮನುಷ್ಯ ಸಂಚಾರವಡಗಿ ಯುಗಗಳೇ ಕಳೆದಂತೆ ಕಾಣುತ್ತವೆ. ವಿರೂಪಾಕ್ಷನ ಪೂಜೆ ಆಗಲೂ ನಿಂತಿರಲಿಲ್ಲ. ಸುತ್ತಲ ಹಳ್ಳಿಗಳ ಜನ ಬರುತ್ತಿದ್ದರು, ದನಕರುಗಳು ಮೇಯುತ್ತಿದ್ದವು. ಆದರೆ ಮೇಣದ ಕಾಗದ ಮಂದಗತಿಯದು. ಕೆಲವು ನಿಮಿಷಗಳವರೆಗೆ ತೆರೆದಿರುವ ಮಸೂರದ ಮುಂದೆ ನಡೆದುಹೋದವನು ಕಾಗದದ ಮಟ್ಟಿಗೆ ಅಲ್ಲಿರಲೇ ಇಲ್ಲ. ಕಂಬದಂತೆ ನಿಂತವನಿಗೆ ಮಾತ್ರ ಚಿತ್ರದಲ್ಲಿ ಸ್ಥಾನ. ಹಾಳು ಹಂಪೆಯೆಂಬ ಶೋಕಭಾವಕ್ಕೆ ಚರಿತ್ರಕಾರರೂ ಕವಿಗಳೂ ಕಾರಣರೆಂಬುದು ನಿಜವೇ; ಈ ನಿಧಾನದ ಕಾಗದಕ್ಕೂ ಅದರಲ್ಲಿ ಒಂದು ಪಾಲಿದೆಯೆಂದು ನಾನು ನಂಬಿದ್ದೇನೆ. ಇಂದಿನ ಪ್ರವಾಸಿ ಕಲ್ಲಿನ ರಥದ ಮುಂದೆ ನೆರೆದ ಜನಜಂಗುಳಿಯನ್ನು ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಸವರಿ ಅಳಿಸಿಹಾಕುವಾಗ, ಗ್ರೀನ್‌ಲಾನಿಗೆ ಬೇಡಿದರೂ ಬೇಡದಿದ್ದರೂ ದೊರೆಯುತ್ತಿದ್ದ ಶೂನ್ಯವನ್ನೇ ಅವನು ಕಷ್ಟಪಟ್ಟು ಸಂಪಾದಿಸುತ್ತಿದ್ದಾನೆ.

ಅತ್ತ ಮುಂಬಯಿ ಸರಕಾರವೂ ಸುಮ್ಮನಿರಲಿಲ್ಲ. ಶಿಲ್ಪಗಳನ್ನೂ ಶಾಸನಗಳನ್ನೂ ಚಿತ್ರಕಾರರಿಂದ ಬರೆಯಿಸುವುದಕ್ಕಿಂತ ಛಾಯಾಚಿತ್ರ ತೆಗೆಯಿಸುವುದೇ ಮಿತವ್ಯಯವೆಂಬ ಸಲಹೆ ಲಂಡನ್ನಿನಿಂದ ಬಂದಿತ್ತು. ಅದರಂತೆ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ನೇಮಿಸಿದರು. ವಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳು ಅವನವು. ಆ ಬಳಿಕ ವೈದ್ಯನಾದ ಪಿಗೂ ಅದೇ ಕಾರ್ಯವನ್ನು ಮುಂದುವರಿಸಿದನು. ಇವರ ಚಿತ್ರಗಳೂ ನೀಲ್ ಎಂಬ ಇನ್ನೊಬ್ಬ ವೈದ್ಯನ ಚಿತ್ರಗಳೂ ಕೂಡಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ, ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹಗಳೊಡನೆ, 1866ರಲ್ಲಿ ಹೊರಬಂದವು. ನಮ್ಮ ಗುಡಿಗಳನ್ನು ಪರದೇಶದ ಓದುಗನು ಕಂಡ ಬಗೆ ಬಹುಮಟ್ಟಿಗೆ ಇವರು ಮುಕ್ಕಾಲಿ ಊರಿದ ಜಾಗಗಳಿಂದ ನಿರ್ಧರಿತವಾಯಿತು.

ಟ್ರೈಪನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮೊಬೈಲಿನ ಚಿತ್ರ ಸುಳ್ಳೆಂದು ದೂರುವವರಿಗೆ ಅವನ ಬದುಕಿನಲ್ಲಿ ಅರ್ಧ ಉತ್ತರವಿದೆ. ಅಂದಿನ ಕಾಗದಕ್ಕೆ ನೀಲವರ್ಣದ ಮೇಲೆ ಅತಿಯಾದ ಒಲವು. ಗೋಪುರ ಸರಿಯಾಗಿ ಮೂಡುವಷ್ಟು ಹೊತ್ತು ಮಸೂರ ತೆರೆದಿದ್ದರೆ, ಆಕಾಶ ಒಂದು ಮೋಡವೂ ಉಳಿಯದಂತೆ ಬರಿಯ ಬಿಳುಪಾಗಿಬಿಡುತ್ತಿತ್ತು. ಟ್ರೈಪನು ನೆಗೆಟಿವ್‌ನ ಮೇಲೆ ಕುಂಚದಿಂದ ಬಣ್ಣವಿಟ್ಟು ಮೋಡಗಳನ್ನು ಸೃಷ್ಟಿಸಿದನು, ಗಿಡಮರಗಳ ಎಲೆಗಳನ್ನು ತಿದ್ದಿದನು. ಲ ಗ್ರೇ ಕೂಡ ತನ್ನ ಸಮುದ್ರದ ಚಿತ್ರಗಳಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಿದ್ದುಂಟು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಸುತ್ತ ಕೊರೆದಿರುವ ಶಾಸನವನ್ನು ಟ್ರೈಪನು ಸರಿಸರಿದು ನಿಂತು ತೆಗೆದು, 21 ಚಿತ್ರಗಳನ್ನು ಬೆಸೆದು ಸುಮಾರು 19 ಅಡಿ ಉದ್ದದ ಒಂದು ಪಟವನ್ನಾಗಿಸಿದನು. ಮೊಬೈಲನ್ನು ಎಡದಿಂದ ಬಲಕ್ಕೆ ಹೊರಳಿಸಿ ನಾವು ಈಗ ಕ್ಷಣಾರ್ಧದಲ್ಲಿ ಪಡೆಯುವ ಉದ್ದನೆಯ ಚಿತ್ರದ ಮೂಲಪುರುಷರಲ್ಲಿ ಅವನೂ ಒಬ್ಬನೆನ್ನಬಹುದು. ಇಷ್ಟೆಲ್ಲ ಮಾಡಿದವನ ಉದ್ಯೋಗವನ್ನು ಮದರಾಸಿನ ಗವರ್ನರಾಗಿ ಬಂದ ಟ್ರೆವಿಲಿಯನ್, ಬೊಕ್ಕಸ ಬರಿದಾಗಿರುವ ಕಾಲದಲ್ಲಿ ಇದೊಂದು ವಿಲಾಸವೆಂದು ತೀರ್ಮಾನಿಸಿ, ನಿಲ್ಲಿಸಿಬಿಟ್ಟನು.

ಇಷ್ಟರಲ್ಲಿ ಗಾಜಿನ ಕಾಲ ಬಂದಿತ್ತು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಿಂದ ಚಿತ್ರ ಕನ್ನಡಿಯಷ್ಟು ಸ್ಫುಟವಾಗಿ ಬರುತ್ತಿತ್ತು, ಬೆಳಕಿಗೊಡ್ಡಬೇಕಾದ ಹೊತ್ತೂ ಕಡಮೆ. ಆದರೆ ಗಾಜಿಗೆ ದ್ರಾವಣ ಹೊಯ್ದು, ಬೆಳ್ಳಿಯ ಲವಣದಲ್ಲಿ ಅದ್ದಿ, ಕ್ಯಾಮರಾಕ್ಕೆ ತುಂಬಿ, ಚಿತ್ರ ತೆಗೆದು, ಮರಳಿ ತೊಳೆಯುವ ತನಕದ ಕಾರ್ಯವೆಲ್ಲವೂ ಲೇಪ ಒಣಗುವ ಮುನ್ನ, ಹತ್ತು ಹದಿನೈದು ನಿಮಿಷಗಳಲ್ಲಿ, ಮುಗಿಯಬೇಕಾಗಿತ್ತು. ಎಂದ ಮೇಲೆ ಕತ್ತಲೆಯ ಕೋಣೆಯೇ ಛಾಯಾಗ್ರಾಹಕನ ಬೆನ್ನ ಹಿಂದೆ ಪ್ರಯಾಣ ಮಾಡಬೇಕಾಯಿತು. 1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯಲ್ ಬೋರ್ನ್ ಹಿಮಾಲಯದ ತನ್ನ ಮೊದಲ ಯಾತ್ರೆಗೆ ಸುಮಾರು 30 ಕೂಲಿಗಳನ್ನು ಕೂಡಿಕೊಂಡು ಹೊರಟನು. ಮುಂದಿನ ಯಾತ್ರೆಗಳಲ್ಲಿ ಪರಿವಾರ ಇನ್ನೂ ಬೆಳೆಯಿತು. ಡೇರೆ, ಗಾಜಿನ ಫಲಕಗಳು, ಶೀಶೆಗಳು, ಆಹಾರ, ಪಾನೀಯ ಎಲ್ಲವೂ ಮನುಷ್ಯರ ಬೆನ್ನಿನ ಮೇಲೆ. 1866ರಲ್ಲಿ 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಅವನು ತೆಗೆದ ಚಿತ್ರಗಳು, ಅಷ್ಟು ಎತ್ತರದಲ್ಲಿ ಯಾರೂ ಚಿತ್ರ ತೆಗೆದಿರಲಿಲ್ಲವೆಂಬ ಕೀರ್ತಿಯನ್ನು ಬಹುಕಾಲ ಅವನಿಗೆ ಉಳಿಸಿದವು.

ಬೋರ್ನ್ ಆ ಯಾತ್ರೆಗಳ ಕಥನವನ್ನು ಇಂಗ್ಲೆಂಡಿನ ಛಾಯಾಚಿತ್ರ ಪತ್ರಿಕೆಯೊಂದರಲ್ಲಿ ಸ್ವತಃ ಬರೆದಿದ್ದಾನೆ. ಹಿಮದಲ್ಲಿ ಬೆರಳು ಮರಗಟ್ಟಿದುದನ್ನೂ ಕಣಿವೆಗಳ ಗಾಂಭೀರ್ಯವನ್ನೂ ಬಲು ಸೊಗಸಾಗಿ ವರ್ಣಿಸುವ ಆ ಲೇಖನಿ, ಹೊರೆ ಇಳಿಸಿ ಓಡಿಹೋದ ಕೂಲಿಗಳನ್ನು ಹುಡುಕಲು ತಾನು ದೊಣ್ಣೆ ಹಿಡಿದು ಹೊರಟುದನ್ನೂ ಸಂಕೋಚವಿಲ್ಲದೆ ಬರೆಯುತ್ತದೆ. ಅವರು ಏಕೆ ಓಡಿಹೋದರೆಂಬುದನ್ನು ಊಹಿಸುವುದು ಓದುಗನಿಗೆ ಕಷ್ಟವಲ್ಲ. ಕೊಯ್ಲಿನ ಕಾಲದಲ್ಲಿ ಊರಿಂದೂರಿಗೆ ಬೇಗಾರಿ ಹಿಡಿಯಲ್ಪಟ್ಟವನಿಗೆ ಹಿಮಶಿಖರದ ಸೌಂದರ್ಯದಿಂದ ಆಗಬೇಕಾದುದೇನು? ಕ್ಯಾಮರಾ ಹಗುರವಾದುದನ್ನು ಕಲೆಯ ಅವನತಿಯೆಂದು ಶೋಕಿಸುವವರು ಈ ಪುಟಗಳನ್ನು ಒಮ್ಮೆ ಓದಬೇಕು. ಭಾರವಾದ ಸಾಧನ ನೋಟವನ್ನು ಗಾಢಗೊಳಿಸುತ್ತದೆಂಬ ಮಾತಿನಲ್ಲಿ ಸತ್ಯವಿದೆಯಾದರೂ, ಆ ಭಾರ ನೋಡುವವನ ಹೆಗಲಿನ ಮೇಲೆ ಇದ್ದುದು ಅಪರೂಪ.

ಹೊರೆ ಇಳಿದ ಬಗೆಯನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗಬಹುದು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯನು ಸೂಚಿಸಿದ ಜೆಲಟಿನ್ ಲೇಪದಿಂದ ಒಣ ಫಲಕಗಳು ಸಾಧ್ಯವಾಗಿ, ಕತ್ತಲೆಯ ಡೇರೆ ಮನೆಯಲ್ಲೇ ಉಳಿಯಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ 25 ಡಾಲರಿಗೆ ಮಾರಿದ ಕೊಡಕ್ ಪೆಟ್ಟಿಗೆಯಲ್ಲಿ 100 ಚಿತ್ರಗಳಿಗೆ ಸಾಕಾಗುವ ಸುರುಳಿ ಇರುತ್ತಿತ್ತು; ಅದು ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿದರೆ, ಚಿತ್ರಗಳನ್ನೂ ಹೊಸ ಸುರುಳಿ ತುಂಬಿದ ಪೆಟ್ಟಿಗೆಯನ್ನೂ ಅವರು ಹಿಂದಿರುಗಿಸುತ್ತಿದ್ದರು. 1900ರ ಬ್ರೌನಿ ಕ್ಯಾಮರಾದ ಬೆಲೆ ಒಂದೇ ಡಾಲರು. ರಸಾಯನವಿದ್ಯೆ ಕಲಿಯದವನೂ ಚಿತ್ರ ತೆಗೆಯತೊಡಗಿದನೆಂದು ಅಂದಿನ ನಿಷ್ಣಾತರು ಕೆರಳಿದುದು ಸಹಜ. ಇಂದು ಮೊಬೈಲಿನ ಮೇಲೆ ಹೊರಿಸುವ ಆರೋಪಗಳೆಲ್ಲವೂ ಆಗ ಆ ಕೈಪೆಟ್ಟಿಗೆಯ ಮೇಲಿದ್ದವು: ಶ್ರಮವಿಲ್ಲ, ಆಲೋಚನೆಯಿಲ್ಲ, ಲೆಕ್ಕವಿಲ್ಲದಷ್ಟು ಚಿತ್ರಗಳು. ಆಲ್ಫ್ರೆಡ್ ಸ್ಟೀಗ್ಲಿಟ್ಜ್ 1897ರಲ್ಲಿ ಕೈಕ್ಯಾಮರಾದ ಪರವಾಗಿಯೇ ಒಂದು ಲೇಖನ ಬರೆಯಬೇಕಾಯಿತು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ ಅವನು ನ್ಯೂಯಾರ್ಕಿನ ಬೀದಿಯಲ್ಲಿ, ಹಿಮಪಾತದ ನಡುವೆ, ತಕ್ಕ ಗಾಡಿಯೊಂದು ತಕ್ಕ ಸ್ಥಳಕ್ಕೆ ಬರುವವರೆಗೆ ಅಂಥದೇ ಪೆಟ್ಟಿಗೆ ಹಿಡಿದು ಮೂರು ಗಂಟೆ ಕಾದಿದ್ದನು. ಹಗುರ ಸಾಧನ ಹಿಡಿದವನಿಗೆ ಕಾಯಬಾರದೆಂಬ ನಿಯಮವೇನೂ ಇಲ್ಲವಷ್ಟೆ.

1925ರಲ್ಲಿ ಜರ್ಮನಿಯ ಲೈಪ್ಜಿಗ್ ಜಾತ್ರೆಯಲ್ಲಿ ಕಾಣಿಸಿಕೊಂಡ ಲೈಕಾ, 24ಕ್ಕೆ 36 ಮಿಲಿಮೀಟರಿನ ಪುಟ್ಟ ಚೌಕಟ್ಟನ್ನು ಲೋಕಕ್ಕೆಲ್ಲ ರೂಢಿಮಾಡಿತು. ಈ ಸಣ್ಣ ಕ್ಯಾಮರಾದ ಯುಗದಲ್ಲಿಯೇ ನಮ್ಮ ನಾಡಿನವರು ವಸ್ತುಗಳಾಗಿದ್ದುದು ಹೋಗಿ ಕರ್ತೃಗಳಾದರು. ಮೈಸೂರಿನ ಟಿ. ಎಸ್. ಸತ್ಯನ್ ಅವರು 1948ರಲ್ಲಿ ಪತ್ರಿಕೋದ್ಯೋಗಕ್ಕೆ ಸೇರಿ ದೇಶವನ್ನೆಲ್ಲ ಸುತ್ತಿದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶಿತವಾದವು. ಮಣಿರಂಗಿನ ಛಾಯಾಗ್ರಾಹಕ ಕೂಲಿಯನ್ನು ಎತ್ತರ ಅಳೆಯುವ ಕೋಲೆಂಬಂತೆ ನಿಲ್ಲಿಸಿದ ದೇಶದಲ್ಲಿ, ಅಂಥವರ ಮುಖವನ್ನೇ ನೋಡಬೇಕಾದ ವಸ್ತುವೆಂದು ಬಗೆದು ನಿಂತವರು ಬಂದದ್ದು, ಕ್ಯಾಮರಾ ಒಬ್ಬನೇ ಹಿಡಿದೊಯ್ಯುವಷ್ಟು ಸಣ್ಣದಾದ ಬಳಿಕ.

ಸಾಮಾನ್ಯ ಸಂಸಾರಸ್ಥನ ಪಾಲಿಗೆ ಬಂದುದು ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಮೂರರಂತಹ ಪೆಟ್ಟಿಗೆ: ಒಂದು ರೀಲಿಗೆ 12 ಚಿತ್ರ, ಅದೂ ಕಪ್ಪು ಬಿಳುಪು. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಿಂದ 'ಇಂದು' ಎಂಬ ಹೆಸರಿನಲ್ಲಿ ಸ್ವದೇಶಿ ಫಿಲ್ಮು ಕೊಡತೊಡಗಿತು. ಸ್ವಂತ ಕ್ಯಾಮರಾ ಇಲ್ಲದವರು ಪರಿಚಯದ ಸ್ಟುಡಿಯೋದಿಂದ ಬಾಡಿಗೆಗೆ ತರುತ್ತಿದ್ದರು, ಇಲ್ಲವೆ ಷಡ್ಡಕನಿಂದಲೋ ಸೋದರಮಾವನಿಂದಲೋ ಎರವಲು ಪಡೆಯುತ್ತಿದ್ದರು. ಹನ್ನೆರಡೇ ಚಿತ್ರವೆಂದ ಮೇಲೆ ಲೆಕ್ಕಾಚಾರ ಅನಿವಾರ್ಯ. ಶ್ರವಣಬೆಳಗೊಳಕ್ಕೆ ಎರಡು, ಬೇಲೂರಿಗೆ ಮೂರು, ಜೋಗಕ್ಕೆ ನಾಲ್ಕು ಎಂದು ಮನೆಯ ಹಿರಿಯರು ಮೊದಲೇ ವಿಂಗಡಿಸಿ, ಗೋಪುರವೊಂದನ್ನೇ ತೆಗೆಯುವುದು ದುಂದು, ಅದರ ಮುಂದೆ ನಾಲ್ಕು ಜನ ನಿಂತರೆ ಸಾರ್ಥಕ ಎಂದು ಆಜ್ಞಾಪಿಸುತ್ತಿದ್ದರು. ಆದ ಕಾರಣದಿಂದಲೇ ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ದೇವಾಲಯದ ಶಿಖರ ಕತ್ತರಿಸಿಹೋಗಿ, ಚಿಕ್ಕಮ್ಮನ ಸೀರೆಯ ಅಂಚು ಮಾತ್ರ ಪೂರ್ತಿಯಾಗಿ ಉಳಿದುಕೊಂಡಿದೆ. ಊರಿಗೆ ಮರಳಿದ ಮೇಲೂ ರೀಲಿನಲ್ಲಿ ಒಂದೆರಡು ಮಿಕ್ಕಿದ್ದರೆ, ಅದನ್ನು ಮುಗಿಸಲೆಂದೇ ಎಮ್ಮೆಯದೋ ನೆರೆಮನೆಯ ಮಗುವಿನದೋ ಚಿತ್ರ ತೆಗೆದು, ಬಳಿಕ ತೊಳೆಯಲು ಕೊಡುತ್ತಿದ್ದರು. ಬೆಳಕು ನುಗ್ಗಿ ರೀಲೆಲ್ಲ ಹಾಳಾದುದು ತಿಳಿಯುತ್ತಿದ್ದುದು ಅಂಗಡಿಯವನು ಲಕೋಟೆ ಕೈಗಿತ್ತಾಗಲೇ. ಅಷ್ಟು ಹೊತ್ತಿಗೆ ಜೋಗದ ನೀರು ಸಮುದ್ರ ಸೇರಿರುತ್ತಿತ್ತು.

ಕ್ಯಾಮರಾ ಇಲ್ಲದವರನ್ನು ನಂಬಿ ಇನ್ನೊಂದು ವೃತ್ತಿ ಬದುಕಿತ್ತು. ಬೃಂದಾವನದ ಕಾರಂಜಿಗಳ ಬಳಿ, ಮೈಸೂರು ಅರಮನೆಯ ಮುಂದೆ, ಜಾತ್ರೆಯ ಬಯಲುಗಳಲ್ಲಿ ಮಾದರಿ ಚಿತ್ರಗಳ ಕಟ್ಟನ್ನು ಕೈಯಲ್ಲಿ ಹಿಡಿದು ಪ್ರವಾಸಿಗಳನ್ನು ಕರೆಯುತ್ತಿದ್ದ ಛಾಯಾಗ್ರಾಹಕರಿಗೆ, ಯಾವ ಗಳಿಗೆಯಲ್ಲಿ ಬಿಸಿಲು ಯಾವ ಮೂಲೆಗೆ ಬೀಳುತ್ತದೆ, ಎಲ್ಲಿ ಬಾಗಿ ಕುಳಿತರೆ ಗೋಪುರವೂ ನವದಂಪತಿಗಳೂ ಒಂದೇ ಚೌಕಟ್ಟಿಗೆ ಬರುತ್ತಾರೆ ಎಂಬುದು ಅಂಗೈ ರೇಖೆಯಷ್ಟು ಪರಿಚಿತ. ವಿಳಾಸ ಬರೆದುಕೊಂಡು ಅಂಚೆಯಲ್ಲಿ ಚಿತ್ರ ಕಳುಹಿಸುತ್ತಿದ್ದವರು ಅವರು. ಆಮೇಲೆ ಸ್ಥಳದಲ್ಲಿಯೇ ಮುದ್ರಿಸಿಕೊಡುವ ಯಂತ್ರ ಇಟ್ಟುಕೊಂಡರು. ಮೊಬೈಲೆಂಬ ಹೊಸ ಯಂತ್ರದ ಬರವಿನಿಂದ ನಿಜವಾಗಿ ನಷ್ಟಪಟ್ಟವರು ಇವರು. ಮೊಬೈಲೋ ಕ್ಯಾಮರಾವೋ ಎಂಬ ಚರ್ಚೆಯಲ್ಲಿ ಇವರ ಹೆಸರೆತ್ತಿದವರನ್ನು ನಾನು ಕಾಣೆ.

ಆ ಯಂತ್ರದ ವಂಶಾವಳಿಯೂ ಸ್ವಾರಸ್ಯಕರ. 1975ರಲ್ಲಿ ಕೊಡಕ್ ಕಂಪನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ಮೂರೂವರೆ ಕಿಲೋ ತೂಗುತ್ತಿತ್ತು. ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿಗೆ ಬರೆದುಕೊಳ್ಳಲು 23 ಸೆಕೆಂಡು ಹಿಡಿಯುತ್ತಿತ್ತು. 2000ದಲ್ಲಿ ಜಪಾನಿನ ಶಾರ್ಪ್ ಕಂಪನಿ ಕ್ಯಾಮರಾವುಳ್ಳ ಮೊಬೈಲನ್ನು ಮಾರುಕಟ್ಟೆಗೆ ತಂದಾಗ ಅದರ ಚಿತ್ರ ಒಂದು ಲಕ್ಷದ ಹತ್ತು ಸಾವಿರ ಬಿಂದುಗಳದು. ಆಟಿಕೆಯೆಂದು ನಕ್ಕವರೇ ಬಹಳ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆ ಬಿಟ್ಟವು. 2020ರಲ್ಲಿ 90 ಲಕ್ಷವೂ ಇಲ್ಲ. ಕೊಡಕ್ 2012ರಲ್ಲಿ ದಿವಾಳಿಯ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ತನ್ನ ಮನೆಯಲ್ಲಿಯೇ ಹುಟ್ಟಿದ ಕೂಸನ್ನು ಅದು ಗುರುತಿಸಲಿಲ್ಲವೆಂದು ಹೇಳುವುದುಂಟು. ಗುರುತಿಸಿತ್ತು, ಫಿಲ್ಮಿನ ಲಾಭ ಬಿಡಲು ಮನಸ್ಸಾಗಲಿಲ್ಲವೆಂಬುದೇ ಹೆಚ್ಚು ಸರಿ.

ಹಾಗಾದರೆ ಹೊರೆ ಎಲ್ಲಿ ಹೋಯಿತು? ಅದು ಗಣಿತದೊಳಕ್ಕೆ ಹೋಯಿತು. ಲೈಕಾ ರೂಢಿಗೆ ತಂದ ಚೌಕಟ್ಟಿನ ವಿಸ್ತೀರ್ಣ 864 ಚದರ ಮಿಲಿಮೀಟರು; ಬಹುತೇಕ ಮೊಬೈಲುಗಳಲ್ಲಿ ಬೆಳಕು ಹಿಡಿಯುವ ಫಲಕ ಇದರ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದು. ಬೊಗಸೆ ಸಣ್ಣದಾದವನು ಹಲವು ಸಲ ಮೊಗೆಯುವಂತೆ, ಮೊಬೈಲು ಒಂದು ಚಿತ್ರಕ್ಕಾಗಿ ಅನೇಕ ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆಯುತ್ತದೆ. ಕೆಲವನ್ನು ನಾವು ಗುಂಡಿ ಒತ್ತುವುದಕ್ಕೆ ಮುಂಚೆಯೇ ತೆಗೆದಿಟ್ಟಿರುತ್ತದೆ. ಅವನ್ನೆಲ್ಲ ಒಂದರ ಮೇಲೊಂದು ಸರಿಹೊಂದಿಸಿ, ಕೈನಡುಕವನ್ನು ಕಳೆದು, ಗರ್ಭಗುಡಿಯ ಕತ್ತಲೆಯನ್ನೂ ಹೊರಗಿನ ಬಿಸಿಲನ್ನೂ ಒಂದೇ ಚಿತ್ರದಲ್ಲಿ ತಾಳೆಗೊಳಿಸುತ್ತದೆ. ಟ್ರೈಪನು ಕುಂಚದಿಂದಲೂ ಲ ಗ್ರೇ ಎರಡು ನೆಗೆಟಿವ್‌ಗಳಿಂದಲೂ ಸಾಧಿಸಿದುದು ಇದನ್ನೇ. ಅರ್ಧ ಉತ್ತರವೆಂದು ಹಿಂದೆ ಹೇಳಿದೆನಷ್ಟೆ. ಉಳಿದರ್ಧದಲ್ಲಿ ಮೊಬೈಲಿನ ಟೀಕಾಕಾರನಿಗೂ ನ್ಯಾಯ ಸಲ್ಲಬೇಕು. ಟ್ರೈಪನಿಗೆ ತಾನು ಯಾವ ಮೋಡವನ್ನು ಬರೆದೆನೆಂಬುದು ಗೊತ್ತಿತ್ತು. ಮೊಬೈಲು ಹಿಡಿದವನಿಗೆ ತನ್ನ ಚಿತ್ರದಲ್ಲಿ ಯಾವುದು ಬೆಳಕು ಬರೆದುದು, ಯಾವುದು ಯಂತ್ರ ಊಹಿಸಿದುದು ಎಂಬುದು ಗೊತ್ತಿಲ್ಲ.

ಪ್ರತ್ಯೇಕ ಕ್ಯಾಮರಾ ಇನ್ನೂ ಸೋಲದಿರುವ ಸ್ಥಳಗಳೂ ಉಂಟು. ಕಬಿನಿಯ ಹಿನ್ನೀರಿನ ಆಚೆಯ ದಡದಲ್ಲಿ ನಿಂತ ಹುಲಿಯನ್ನು ಹತ್ತಿರಕ್ಕೆ ತರಬೇಕಾದರೆ, 600 ಮಿಲಿಮೀಟರಿನ ಮಸೂರಕ್ಕೆ ಮುಸ್ಸಂಜೆಯ ಬೆಳಕು ಸಾಕಾಗುವಷ್ಟು ಬಾಯಿ ತೆರೆಯಲು ಆರಂಗುಲ ಅಗಲದ ಗಾಜು ಬೇಕಾಗುತ್ತದೆ. ಆರಂಗುಲದ ಗಾಜು ಜೇಬಿಗೆ ಇಳಿಯುವ ವಸ್ತುವಲ್ಲ. ಗಣಿತ ಎಷ್ಟು ಬೆಳೆದರೂ ಇಲ್ಲಿ ದೃಗ್ವಿಜ್ಞಾನ ಅಡ್ಡ ನಿಲ್ಲುತ್ತದೆ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿ ಇವರ ಪರಂಪರೆಯಲ್ಲಿ ನಡೆಯಬಯಸುವವನು ಚೀಲ ಹೊರಲೇಬೇಕು. ಹಳೇಬೀಡಿನ ಭಿತ್ತಿಯ ಮುಂದೆ ಹಗಲು ಹೊತ್ತಿನಲ್ಲಿ ನಿಂತವನಿಗೆ ಮಾತ್ರ, ಚೀಲದಿಂದ ಬರುವ ಲಾಭ ಅವನು ಭಾವಿಸಿದುದಕ್ಕಿಂತ ಬಹಳ ಕಡಮೆ.

ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಅಜ್ಞಾತವಾಗಿದ್ದು 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಹಂಪೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಅವರ ಸಂಗಡಿಗನಾಗಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಅವೇ ನೆಲೆಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಲ ಮಾಡಿದ ಕೆಲಸ ಸ್ಪಷ್ಟವಾಗುತ್ತದೆ: 50 ರೂಪಾಯಿ ನೋಟಿನ ಮೇಲೆ ಇಂದು ಎಲ್ಲರೂ ಕಾಣುವ ವಿಠ್ಠಲನ ಕಲ್ಲಿನ ರಥದ ನೆತ್ತಿಯ ಮೇಲೆ 1856ರಲ್ಲಿ ಇಟ್ಟಿಗೆಯ ಶಿಖರವೊಂದಿತ್ತು, ಈಗ ಇಲ್ಲ. ಈ ಹೋಲಿಕೆ ಸಾಧ್ಯವಾದುದು ಗ್ರೀನ್‌ಲಾ ಎಲ್ಲಿ ಮುಕ್ಕಾಲಿ ಊರಿದ್ದನೆಂಬುದನ್ನು ಇಂದಿಗೂ ಪತ್ತೆಹಚ್ಚಬಹುದಾಗಿರುವುದರಿಂದ. ಹಗುರ ಸಾಧನಗಳ ಚಿತ್ರಗಳಲ್ಲಿಯೂ ನಿಂತ ಜಾಗ ಅಡಗಿರುತ್ತದೆ. ಆದರೆ ಸಾವಿರಾರು ಜನ ಸಾವಿರಾರು ಕಡೆ ನಿಂತಿರುವಾಗ ಯಾರ ಜಾಗವನ್ನು ಯಾರು ಅರಸಬೇಕು?

ಈಗ ಅದೇ ವಿಠ್ಠಲ ದೇವಾಲಯದ ಬಾಗಿಲಿನಲ್ಲಿ ಜಾರಿಯಲ್ಲಿರುವ ನಿಯಮವನ್ನು ನೋಡಿರಿ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳೊಳಗೆ ಮುಂಚಿತವಾಗಿ ಅನುಮತಿ ಪಡೆಯದೆ ಮುಕ್ಕಾಲಿಯನ್ನು ಬಳಸುವಂತಿಲ್ಲ. ಕೈಯಲ್ಲಿ ಹಿಡಿದ ಮೊಬೈಲು, ಕೊರಳಿನಲ್ಲಿ ತೂಗುವ ಕ್ಯಾಮರಾ ಇವಕ್ಕೆ ಅಡ್ಡಿಯಿಲ್ಲ. ಮೂರು ಕಾಲಿನ ಸ್ಟ್ಯಾಂಡು ಕಂಡರೆ ಮಾತ್ರ ಕಾವಲುಗಾರನು ಇವನು ವೃತ್ತಿಗಾರನೆಂದು ತಡೆಯುತ್ತಾನೆ, ಕಾಗದಪತ್ರ ಕೇಳುತ್ತಾನೆ. ಗ್ರೀನ್‌ಲಾ ತನ್ನ ಪೆಟ್ಟಿಗೆ, ಹಾಳೆ, ಪರಿವಾರಗಳೊಡನೆ ಇಂದು ಬಂದನಾದರೆ ಅರ್ಜಿ ಬರೆದುಕೊಟ್ಟು ಟಿಕೆಟ್ ಕೌಂಟರಿನ ಬಳಿ ಕಾಯಬೇಕಾಗುತ್ತಿತ್ತು. ಅವನ ಮುಕ್ಕಾಲಿಯ ಕೆಲಸವನ್ನು ಗಣಿತದಿಂದ ಮಾಡಿ ಮುಗಿಸುವ ಮೊಬೈಲುಗಳು ಅಷ್ಟರಲ್ಲಿ ಅವನ ಪಕ್ಕದಿಂದಲೇ ಒಳಗೆ ಹೋಗಿ ಬರುತ್ತಿದ್ದವು.